ಚಿಕ್ಕಮಗಳೂರಿಗೆ ಹವಾಮಾನ ಯೋಜನೆ: ಗೆರೆ ಎಲ್ಲಿ ಎಳೆಯೋದು, ದುಡ್ಡು ಎಲ್ಲಿಂದ ತರೋದು?

ಬೇಸಿಗೆ ಬಂದರೆ ಟ್ಯಾಂಕರ್ ಸುದ್ದಿ, ಮಳೆ ಹಿಡಿದರೆ ಧರೆ ಕುಸಿದ ಸುದ್ದಿ. ಎರಡೂ ಇದೇ ಸೀಮೆಯವು. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು, ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿ ಸೇರಿದವು. ಮರುವರ್ಷ ಜುಲೈನಲ್ಲಿ ನೋಡಿದರೆ ಸಕಲೇಶಪುರದ ದೊಡ್ಡತಪ್ಪಲು ಹತ್ತಿರ ಹೆದ್ದಾರಿ ಮೇಲೆ ಗುಡ್ಡದ ಮಣ್ಣು ಜಾರಿ ಬಿದ್ದಿತ್ತು. ಎಡಕುಮೇರಿ ಬಳಿ ಹಳಿ ಕೆಳಗಿನ ಮಣ್ಣು ಕುಸಿದು ಬೆಂಗಳೂರು–ಮಂಗಳೂರು ರೈಲು ನಿಂತಿತ್ತು. ಅದೇ ತಿಂಗಳ ಕೊನೆಯ ದಿನ ಕೇಂದ್ರ ಸರ್ಕಾರ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಆರನೇ ಸಲ ಹೊರಡಿಸಿತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಅದು ಬೇಡ ಅಂದಿತು.

ಇಷ್ಟೆಲ್ಲ ಗದ್ದಲದ ಮಧ್ಯೆ ಇನ್ನೊಂದು ಮಾತು ಕೇಳಿಬರುತ್ತಿದೆ. ಬೆಂಗಳೂರು 2023ರ ನವೆಂಬರ್‌ನಲ್ಲಿ ತನ್ನದೇ ಹವಾಮಾನ ಕ್ರಿಯಾ ಯೋಜನೆ ತಂದಿತಲ್ಲ, ಹಾಗೆ ಸಣ್ಣ ಊರುಗಳಿಗೂ ಒಂದು ಬೇಕು, ಅದನ್ನು ಅಧಿಕಾರಿಗಳಲ್ಲ, ಜನರೇ ಕೂತು ಮಾಡಬೇಕು ಅನ್ನೋದು. ಕೇಳೋಕೆ ಚೆನ್ನಾಗಿದೆ. ಆದರೆ ಇದು, ಆ ಸೂಕ್ಷ್ಮ ಪ್ರದೇಶದ ಕರಡಿಗೆ ಮೂಲವಾಯಿತಲ್ಲ, ಅಂಥ ಇನ್ನೊಂದು ಕಸ್ತೂರಿರಂಗನ್ ವರದಿಯಾ? ಕಾಫಿ ತೋಟದ ಮಧ್ಯೆ ಇರುವ ಊರಿಗೆ ಕಾರ್ಬನ್ ಲೆಕ್ಕ ಯಾಕೆ? ದುಡ್ಡು ಯಾರು ಕೊಡುತ್ತಾರೆ? ಜನ ಕೇಳುವ ಈ ಪ್ರಶ್ನೆಗಳೆಲ್ಲ ನ್ಯಾಯವಾದವೇ. ಚಿಕ್ಕಮಗಳೂರನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ನೋಡೋಣ.

ಯೋಜನೆ ಅಂದರೆ ಏನು

ಹವಾಮಾನ ಯೋಜನೆಯಲ್ಲಿ ಎರಡು ಕೆಲಸ ಇರುತ್ತವೆ. ಒಂದು, ಊರು ಬಿಡುವ ಹೊಗೆ ಕಡಿಮೆ ಮಾಡೋದು: ಕರೆಂಟ್, ಪೆಟ್ರೋಲ್, ಕೊಳೆಯುವ ಕಸ ಇವುಗಳ ಲೆಕ್ಕ. ಇನ್ನೊಂದು, ಈಗಾಗಲೇ ಬದಲಾಗಿರುವ ಮಳೆ ಬಿಸಿಲಿಗೆ ಊರನ್ನು ಸಜ್ಜು ಮಾಡೋದು: ನೀರು, ಚರಂಡಿ, ಕೆರೆ, ಗುಡ್ಡದ ಇಳಿಜಾರು, ಮನೆಯ ಸೂರು. ಬೆಂಗಳೂರಿನಂಥ ಕಡೆ ಮೊದಲನೆಯದಕ್ಕೆ ತೂಕ ಜಾಸ್ತಿ. 2050ರೊಳಗೆ ಕಾರ್ಬನ್ ತಟಸ್ಥ, ಅಂದರೆ ಬಿಡುವಷ್ಟು ಹೊಗೆಯನ್ನು ಹೀರಿಸಿ ಲೆಕ್ಕ ಸರಿದೂಗಿಸುವ ಊರು, ಆಗುತ್ತೇವೆ ಅನ್ನೋದು ಆ ಯೋಜನೆಯ ಗುರಿ.

2011ರ ಜನಗಣತಿಯಲ್ಲಿ ಸುಮಾರು 1.18 ಲಕ್ಷ ಜನರಿದ್ದ ಚಿಕ್ಕಮಗಳೂರಿಗೆ ಅದೇ ಅಚ್ಚು ಒತ್ತಿದರೆ ಉಪಯೋಗ ಕಡಿಮೆ. ಭಾರತದಲ್ಲಿ ತಲೆಗೆ ಬರುವ ಇಂಗಾಲದ ಹೊಗೆಯೇ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಈ ಊರು ನಾಳೆಯಿಂದ ಒಂದು ಲೀಟರ್ ಪೆಟ್ರೋಲನ್ನೂ ಸುಡದೆ ಇದ್ದರೂ ಮುಳ್ಳಯ್ಯನಗಿರಿ ಮೇಲೆ ಬೀಳುವ ಮಳೆ ಬದಲಾಗುವುದಿಲ್ಲ. ಹಾಗಂತ ಹೊಗೆಯ ಲೆಕ್ಕ ಬೇಡ ಅಂತಲ್ಲ, ಅದಕ್ಕೆ ಮುಂದೆ ಬರೋಣ. ಇಲ್ಲಿ ಮೊದಲ ಪ್ರಶ್ನೆ ನೀರಿನದು.

ಸಣ್ಣ ಊರು ಪಟ್ಟಿಯಲ್ಲೇ ಇಲ್ಲ

ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಕರ್ನಾಟಕದ ಏಳು ನಗರಗಳು ಸೇರಿದವು. ಹಾಸನ, ಚಿಕ್ಕಮಗಳೂರು ಎರಡೂ ಅದರಲ್ಲಿಲ್ಲ. ನಗರಗಳು ಹವಾಮಾನಕ್ಕೆ ಎಷ್ಟು ತಯಾರಾಗಿವೆ ಅಂತ ಅಳೆಯೋಕೆ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2019ರಲ್ಲಿ ಒಂದು ಮೌಲ್ಯಮಾಪನ ಶುರುಮಾಡಿತು. ಅದೂ ಸ್ಮಾರ್ಟ್ ಸಿಟಿಗಳು ಮತ್ತು ದೊಡ್ಡ ನಗರಗಳ ಸುತ್ತಲೇ ಉಳಿಯಿತು. ಒಂದು ಲಕ್ಷ ದಾಟಿದ ಊರು ಅಂತ ಅಮೃತ್ ಯೋಜನೆಯಲ್ಲಿ ಎರಡೂ ಊರಿಗೆ ಜಾಗ ಸಿಕ್ಕಿತು ನಿಜ, ಆದರೆ ಅದು ಮುಖ್ಯವಾಗಿ ಪೈಪು ಮತ್ತು ಒಳಚರಂಡಿಯ ಯೋಜನೆ.

ಇನ್ನೊಂದು ತೊಡಕು ಸಂವಿಧಾನದಲ್ಲೇ ಇದೆ. 74ನೇ ತಿದ್ದುಪಡಿಯ 12ನೇ ಪರಿಚ್ಛೇದದಲ್ಲಿ ನಗರಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಇದೆ. ನೀರು ಪೂರೈಕೆ, ಕಸ, ಪರಿಸರ ರಕ್ಷಣೆ ಎಲ್ಲ ಅದರಲ್ಲಿವೆ. ಅಂದರೆ ಪರಿಸರ ನಗರಸಭೆಯ ಕೆಲಸ ಅಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಆದರೆ ಜನ ಕೂತು ಮಾತಾಡುವ ವಾರ್ಡ್ ಸಮಿತಿಯನ್ನು ಅದೇ ತಿದ್ದುಪಡಿ ಕಡ್ಡಾಯ ಮಾಡಿದ್ದು ಮೂರು ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನಸಂಖ್ಯೆ ಇರುವ ನಗರಗಳಿಗೆ ಮಾತ್ರ. ಹಳ್ಳಿಯಲ್ಲಿ ಗ್ರಾಮಸಭೆ ಇದೆ. ದೊಡ್ಡ ನಗರದಲ್ಲಿ, ಕಾಗದದ ಮೇಲಾದರೂ, ವಾರ್ಡ್ ಸಮಿತಿ ಇದೆ. ನಡುವಿನ ಊರುಗಳಿಗೆ ಸಂವಿಧಾನ ಅಂಥದ್ದೊಂದು ಖಾತ್ರಿ ಕೊಟ್ಟಿಲ್ಲ. ‘ಜನರೇ ಮಾಡುವ ಯೋಜನೆ’ ಅನ್ನುವಾಗ ಆ ಜನ ಯಾವ ಸಭೆಯಲ್ಲಿ ಕೂರಬೇಕು ಅನ್ನೋದೇ ಹಾಗಾಗಿ ಮೊದಲ ಸಮಸ್ಯೆ.

ನೀರಿನ ಜಾಡು ಹಿಡಿದರೆ

ಊರು ನಿಂತಿರುವ ಜಾಗ ನೋಡಿ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿದೆ. ಪಶ್ಚಿಮಕ್ಕೆ ಶೃಂಗೇರಿ ಕಡೆ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ, ಪೂರ್ವಕ್ಕೆ ಕಡೂರಿನಲ್ಲಿ 600ರ ಆಸುಪಾಸು. ನೆತ್ತಿಯ ಮೇಲೆ ಚಂದ್ರದ್ರೋಣ ಪರ್ವತ. ಈ ಒಂದು ಬೆಟ್ಟಸಾಲಿನ ನೀರು ಎರಡು ದಿಕ್ಕಿಗೆ ಹೋಗುತ್ತದೆ. ಯಗಚಿ ಹಾಸನ ಜಿಲ್ಲೆಗೆ ಇಳಿದು ಹೇಮಾವತಿ ಸೇರಿ ಕಾವೇರಿಯ ಪಾಲಾಗುತ್ತದೆ. ಇನ್ನೊಂದು ಕಡೆಯ ಹಳ್ಳಗಳು ಅಯ್ಯನಕೆರೆ, ಮದಗದ ಕೆರೆ ತುಂಬಿಸಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತವೆ, ಅದು ಕೃಷ್ಣಾ ಕಣಿವೆ.

ಚಿಕ್ಕಮಗಳೂರು ನಗರ ಕುಡಿಯೋದು ಮುಖ್ಯವಾಗಿ ಎರಡು ಕಡೆಯ ನೀರು. ಒಂದು, ಬೆಟ್ಟದ ಬುಡದ ಹಿರೇಕೊಳಲೆ ಕೆರೆಯದು. ಇನ್ನೊಂದು, ಬೇಲೂರಿನ ಯಗಚಿ ಜಲಾಶಯದ್ದು. ಈ ಎರಡನೆಯದು ವಿಚಿತ್ರ: ಇದೇ ಬೆಟ್ಟದಲ್ಲಿ ಹುಟ್ಟಿ, ಇದೇ ಊರಿನ ಮಗ್ಗುಲಲ್ಲಿ ಹರಿದು ಕೆಳಗೆ ಹೋದ ನೀರನ್ನು ಸುಮಾರು 25 ಕಿ.ಮೀ. ಆಚೆಯಿಂದ ಪಂಪ್ ಮಾಡಿ ಮತ್ತೆ ಮೇಲಕ್ಕೆ ತರಬೇಕು. ಅದಕ್ಕೆ ಹಗಲು ರಾತ್ರಿ ಕರೆಂಟ್ ಬೇಕು. ಊರೊಳಗೆ ಹಳೇ ಪೈಪ್ ಸೋರಿದರೆ ನೀರು ಮಾತ್ರ ಪೋಲಾಗುವುದಿಲ್ಲ, ಅಷ್ಟು ದೂರದಿಂದ ಅದನ್ನು ಎತ್ತಿದ ಕರೆಂಟೂ ಪೋಲು. ಸೋರುವ ಪೈಪ್ ಸರಿಮಾಡಿದರೆ ಹೊಗೆಯೂ ಇಳಿಯುತ್ತದೆ, ಬೇಸಿಗೆಗೂ ನೀರು ಉಳಿಯುತ್ತದೆ. ಆದರೆ ಹವಾಮಾನ ಅಂದಾಗ ಇದು ಯಾರಿಗೂ ನೆನಪಾಗುವುದಿಲ್ಲ. ಸಸಿ ನೆಡುವ ಫೋಟೊ ಚೆನ್ನಾಗಿ ಬರುತ್ತದೆ, ವಾಲ್ವ್ ಬದಲಿಸುವ ಫೋಟೊ ಯಾರೂ ಹಾಕುವುದಿಲ್ಲ.

ಈಗ ಮೇಲಕ್ಕೆ ಹೋಗೋಣ. ಬೆಟ್ಟದ ನೆತ್ತಿಯಲ್ಲಿ ಹುಲ್ಲುಗಾವಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಫೆಬ್ರವರಿ, ಮಾರ್ಚ್‌ವರೆಗೂ ಸಣ್ಣ ಹಳ್ಳಗಳಾಗಿ ಬಿಡೋದು ಇವೇ. ಅದರ ಕೆಳಗೆ ಮರದ ನೆರಳಿನ ಕಾಫಿ ತೋಟ. ಕಾಫಿಗೆ ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬೇಕು. ಒಂದಿಂಚು ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗೆ ಅರಳುತ್ತದೆ, ಆಮೇಲೆ ಕಾಯಿ ಕಟ್ಟೋಕೆ ಇನ್ನೊಂದು ಮಳೆ ಬೇಕು. ಆ ಮಳೆ ಸಮಯಕ್ಕೆ ಬರದಿದ್ದರೆ ಬೆಳೆಗಾರ ಏನು ಮಾಡಬೇಕು? ಸ್ಪ್ರಿಂಕ್ಲರ್ ಹಾಕುತ್ತಾನೆ. ನೀರು ಎಲ್ಲಿಂದ? ತೋಟದ ಕೆರೆಯಿಂದ, ಪಕ್ಕದ ಹಳ್ಳದಿಂದ. ಅರೇಬಿಕಾ ಬಿಟ್ಟು ರೋಬಸ್ಟಾ ಕಡೆ ಹೊರಳಿದ ತೋಟಗಳಲ್ಲಿ ಈ ಸ್ಪ್ರಿಂಕ್ಲರ್ ಅವಲಂಬನೆ ಇನ್ನೂ ಜಾಸ್ತಿ. ಹಳ್ಳದಲ್ಲಿ ನೀರು ಅತಿ ಕಡಿಮೆ ಇರುವ, ಊರಿಗೆ ನೀರು ಅತಿ ಜಾಸ್ತಿ ಬೇಕಾಗುವ ಅದೇ ವಾರಗಳಲ್ಲಿ ಎಲ್ಲರೂ ಒಟ್ಟಿಗೆ ಮೋಟಾರ್ ಹಾಕುತ್ತಾರೆ. ಇದರಲ್ಲಿ ತಪ್ಪು ಒಬ್ಬರದು ಅನ್ನೋಕಾಗಲ್ಲ. ಬೆಳೆಗಾರನಿಗೆ ಒಂದು ಹೂವು ತಪ್ಪಿದರೆ ಒಂದು ವರ್ಷದ ಫಸಲೇ ಹೋದ ಹಾಗೆ.

ಮಳೆಗಾಲದ ಕಥೆ ಇದರದೇ ಇನ್ನೊಂದು ತುದಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಮಳೆ ತಿಂಗಳುಗಟ್ಟಲೆ ಜಿನುಗುವ ಬದಲು ನಾಲ್ಕೇ ದಿನದಲ್ಲಿ ಸುರಿದು ಹೋಗುವ ಸಂಭವ ಬೆಳೆಯುತ್ತದೆ. ಅಷ್ಟೇ ಆಗಿದ್ದರೆ ಬೆಟ್ಟ ತಡೆದುಕೊಳ್ಳುತ್ತಿತ್ತೇನೋ. ಆದರೆ ಅದರ ಬುಡವನ್ನು ಜೆಸಿಬಿಯಲ್ಲಿ ನೇರವಾಗಿ ಕಡಿದು ರಸ್ತೆ ಅಗಲ ಮಾಡಿರುತ್ತಾರೆ, ರೆಸಾರ್ಟಿಗೆ ಸಮತಟ್ಟು ಮಾಡಿರುತ್ತಾರೆ, ನೀರು ಇಳಿಯುವ ದಾರಿಗೆ ಮಣ್ಣು ಸುರಿದಿರುತ್ತಾರೆ. 2018ರ ಕೊಡಗಿನ ದುರಂತದ ನಂತರ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯೂ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದರ ಕಡೆ ಬೆರಳು ತೋರಿಸಿತ್ತು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಲ್ಲಿ ಮನೆ, ತೋಟ ಮಣ್ಣುಪಾಲಾದವು. ಕೊಚ್ಚಿ ಬರುವ ಆ ಮಣ್ಣು ಕೆಳಗಿನ ಕೆರೆಗಳಲ್ಲಿ ಹೂಳಾಗಿ ಕೂರುತ್ತದೆ. ಹೂಳು ತುಂಬಿದ ಕೆರೆ ಬೇಗ ಕೋಡಿ ಬೀಳುತ್ತದೆ, ಬೇಗ ಒಣಗುತ್ತದೆ.

ಜುಲೈನ ಭೂಕುಸಿತ ಮತ್ತು ಏಪ್ರಿಲ್‌ನ ಟ್ಯಾಂಕರ್ ಬೇರೆ ಬೇರೆ ಸುದ್ದಿಗಳಲ್ಲ ಅನ್ನೋದು ಇದಕ್ಕೇ. ಒಂದೇ ಇಳಿಜಾರು ನೀರನ್ನು ಹಿಡಿದಿಟ್ಟುಕೊಳ್ಳೋದು ಬಿಟ್ಟರೆ ಎರಡೂ ಆಗುತ್ತವೆ.

ಇದರಲ್ಲಿ ನಗರಸಭೆಯ ಕೈಲಿ ಏನಿದೆ? ಬೆಟ್ಟದ ಮೇಲೆ ಅರಣ್ಯ ಮತ್ತು ಕಂದಾಯ ಇಲಾಖೆ. ತೋಟಗಳು ಖಾಸಗಿ, ಗ್ರಾಮ ಪಂಚಾಯಿತಿ ವ್ಯಾಪ್ತಿಯವು. ಯಗಚಿ ಜಲಾಶಯ ಇನ್ನೊಂದು ಜಿಲ್ಲೆಯದು, ನೋಡಿಕೊಳ್ಳೋದು ಕಾವೇರಿ ನೀರಾವರಿ ನಿಗಮ. ನಗರಸಭೆ ಕೈಲಿರೋದು ಪೈಪು, ಚರಂಡಿ ಮತ್ತು ಬಸವನಹಳ್ಳಿ ಕೆರೆ, ಕೋಟೆ ಕೆರೆಯಂಥ ಊರೊಳಗಿನ ಕೆರೆಗಳು. ಅವುಗಳಲ್ಲೂ ನೀರು ಬರುವ ಕಾಲುವೆಯ ಗತಿ ಏನಾಗಿದೆ ಅಂತ ಬೇರೆ ಹೇಳಬೇಕಾಗಿಲ್ಲ. ಯೋಜನೆಯ ನಕ್ಷೆಯನ್ನು ನಗರಸಭೆಯ ಗಡಿಗೆ ಎಳೆದು ನಿಲ್ಲಿಸಿದರೆ ಕಾರಣಗಳೆಲ್ಲ ಗೆರೆಯಾಚೆ ಉಳಿಯುತ್ತವೆ, ಪರಿಣಾಮಗಳು ಮಾತ್ರ ಒಳಗಿರುತ್ತವೆ. ಇಲ್ಲಿ ಗೆರೆ ಎಳೆಯಬೇಕಾದ್ದು ವಾರ್ಡಿನ ಲೆಕ್ಕದಲ್ಲಲ್ಲ, ನೀರು ಹರಿಯುವ ಲೆಕ್ಕದಲ್ಲಿ.

ಬೆಳೆಗಾರರ ಹೆದರಿಕೆ ಸುಮ್ನೆ ಅಲ್ಲ

ಗೆರೆ ಬೆಟ್ಟಕ್ಕೆ ಹೋಯಿತು ಅಂದ ಕೂಡಲೇ ವಿರೋಧ ಶುರುವಾಗುತ್ತದೆ. ಇದಕ್ಕೆ ಹಿನ್ನೆಲೆ ಇದೆ. ಕುದುರೆಮುಖದ ಗಣಿಗಾರಿಕೆ ನಿಲ್ಲಿಸಲು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು, 2005ರ ಕೊನೆಗೆ ಅದು ನಿಂತಿತು. ಕಾಡಿಗೆ ಒಳ್ಳೆಯದೇ ಆಯಿತು, ಆದರೆ ಒಂದಿಡೀ ಟೌನ್‌ಶಿಪ್ ಖಾಲಿಯಾಯಿತು. ಅದರ ಹಿಂದೆ ಮುಂದೆ ರಾಷ್ಟ್ರೀಯ ಉದ್ಯಾನ, ಹುಲಿ ಯೋಜನೆ, ಡೀಮ್ಡ್ ಅರಣ್ಯ (ದಾಖಲೆಯಲ್ಲಿ ಅರಣ್ಯ ಅಲ್ಲದಿದ್ದರೂ ಅರಣ್ಯ ಅಂತ ಪರಿಗಣಿಸುವ ಜಾಗ), ಕಸ್ತೂರಿರಂಗನ್ ವರದಿ ಅಂತ ಒಂದಲ್ಲ ಒಂದು ಬಂದವು. ಕೇಂದ್ರದ ಕರಡಿನಲ್ಲಿ ಕರ್ನಾಟಕದ್ದೇ 20,668 ಚದರ ಕಿ.ಮೀ. ಇದೆ. ನಕ್ಷೆ ಎಲ್ಲೋ ತಯಾರಾಗಿ ಬಂದು, ನಿಮ್ಮ ಊರು ಇದರಲ್ಲಿದೆ ಅಂತ ಪೇಪರಿನಲ್ಲಿ ಓದಿ ತಿಳಿಯಬೇಕಾದ ಪರಿಸ್ಥಿತಿ ಇದ್ದಾಗ ಜನ ಯಾವ ನಕ್ಷೆಯನ್ನೂ ನಂಬುವುದಿಲ್ಲ.

ಬೆಳೆಗಾರರ ವಾದದಲ್ಲಿ ಸತ್ವ ಇದೆ. ನೆರಳಿನ ಮರ ಉಳಿಸಿಕೊಂಡು ಬಂದದ್ದು ನಾವು, ಹೊಗೆ ಬಿಟ್ಟದ್ದು ಬೇರೆಯವರು, ಕಟ್ಟುಪಾಡು ಮಾತ್ರ ನಮಗಾ ಅಂತ ಅವರು ಕೇಳುತ್ತಾರೆ. ಅದಕ್ಕೆ ಪರಿಸರದವರ ಉತ್ತರವೂ ಇದೆ: ಹಳೇ ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕಿದ ತೋಟವನ್ನೂ, ಹತ್ತಾರು ಜಾತಿ ಮರ ಇರುವ ತೋಟವನ್ನೂ ಒಂದೇ ತಕ್ಕಡಿಯಲ್ಲಿ ಹಾಕೋಕಾಗಲ್ಲ. ಎರಡೂ ಸರಿ.

ಕಾನೂನಿನ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಪರಿಸರ ಸೂಕ್ಷ್ಮ ಪ್ರದೇಶ ಅನ್ನೋದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ ಕೇಂದ್ರ ಹೊರಡಿಸುವ ಅಧಿಸೂಚನೆ. ಅಂತಿಮವಾದರೆ ಅದು ಕಟ್ಟುತ್ತದೆ. ಊರಿನ ಹವಾಮಾನ ಯೋಜನೆಗೆ ಅಂಥ ಶಕ್ತಿ ಇಲ್ಲ. ಅದು ನಗರಸಭೆಯ ಒಂದು ಠರಾವು, ಯಾರ ತೋಟದ ಮೇಲೂ ನಿಷೇಧ ಹೇರಲಾರದು. ಆದರೆ ಅದೇ ಯೋಜನೆಯ ಅಂಶಗಳು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಮಾಸ್ಟರ್ ಪ್ಲಾನ್ ಒಳಗೆ ಸೇರಿದರೆ ಆಗ ಅದಕ್ಕೆ ಬಲ ಬರುತ್ತದೆ. ಎಲ್ಲಿ ಲೇಔಟ್ ಬೇಡ, ಎಷ್ಟು ಇಳಿಜಾರಿನಲ್ಲಿ ಕಟ್ಟಡ ಬೇಡ ಅಂತ ಹೇಳಬಹುದು. ಅಂದರೆ ಭಯಕ್ಕೆ ಪೂರಾ ಆಧಾರ ಇಲ್ಲ ಅಂತಲೂ ಅಲ್ಲ. ಇದನ್ನು ಮೊದಲೇ ಬಾಯಿಬಿಟ್ಟು ಹೇಳೋದು ವಾಸಿ. ಮುಚ್ಚಿಟ್ಟರೆ ಎರಡನೇ ಸಭೆಗೆ ಯಾರೂ ಬರುವುದಿಲ್ಲ.

ಒಂದು ಬೆಳವಣಿಗೆ ಬೆಳೆಗಾರರ ಲೆಕ್ಕವನ್ನೂ ಬದಲಿಸಬಹುದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಬೇಡ ಅಂತ ಐರೋಪ್ಯ ಒಕ್ಕೂಟ 2023ರಲ್ಲಿ ನಿಯಮ ಮಾಡಿದೆ. ಜಾರಿ ಮುಂದಕ್ಕೆ ಹೋಗುತ್ತಲೇ ಇದ್ದರೂ, ರಫ್ತು ಮಾಡುವವರಿಗೆ ತೋಟದ ನಕ್ಷೆ ಹೇಗೂ ಬೇಕೇ ಬೇಕು.

ಹಸಿರು ಊರಿನ ಹೊಗೆ ಲೆಕ್ಕ

ಇನ್ನು ಕಾರ್ಬನ್. ಇಲ್ಲೊಂದು ಗಮ್ಮತ್ತಿದೆ. ಊರಿನ ಹೊಗೆಯನ್ನು ಗಡಿಯ ಒಳಗೆ ಮಾತ್ರ ಎಣಿಸಿದರೆ ವಾರಾಂತ್ಯದಲ್ಲಿ ಬೆಂಗಳೂರಿನಿಂದ ಬೆಟ್ಟಕ್ಕೆ ಬರುವ ಕಾರುಗಳ ಬಹುಪಾಲು ಪೆಟ್ರೋಲ್ ಲೆಕ್ಕಕ್ಕೇ ಸಿಗುವುದಿಲ್ಲ. ಅದೇ ಗಡಿಯನ್ನು ಮರ ಎಣಿಸುವಾಗ ಮಾತ್ರ ತೋಟದವರೆಗೂ ಹಿಗ್ಗಿಸಿದರೆ ಊರು ಈಗಾಗಲೇ ಕಾರ್ಬನ್ ತಟಸ್ಥ ಅಂತ ಒಂದು ಸರ್ಟಿಫಿಕೇಟ್ ತಗೊಂಡು ಗೋಡೆಗೆ ಹಾಕಬಹುದು. ಏನೂ ಬದಲಾಗಿರುವುದಿಲ್ಲ. ಕಾರ್ಬನ್ ಕ್ರೆಡಿಟ್, ಅಂದರೆ ಉಳಿಸಿದ ಹೊಗೆಯನ್ನು ಲೆಕ್ಕ ಹಾಕಿ ಮಾರುವ ಆಸೆಯದೂ ಇದೇ ಹಣೆಬರಹ. ಇರುವ ಮರಕ್ಕೆ ದುಡ್ಡು ಬರುವುದಿಲ್ಲ, ಹೊಸದಾಗಿ ಏನಾದರೂ ಮಾಡಿದ್ದಕ್ಕೆ ಮಾತ್ರ ಬರುತ್ತದೆ.

ಹಾಗಾಗಿ ದೊಡ್ಡ ಲೆಕ್ಕ ಬಿಟ್ಟು ಊರಿನ ಕೈಗೆ ಸಿಗುವುದನ್ನು ನೋಡೋದು ಒಳ್ಳೆಯದು. ನೀರಿನ ಪಂಪಿನ ಕರೆಂಟ್ ಬಗ್ಗೆ ಆಗಲೇ ಹೇಳಿದ್ದಾಯಿತು. ಎರಡನೆಯದು ಕಸ. ಹಸಿಕಸ ರಾಶಿಯಲ್ಲಿ ಗಾಳಿ ಇಲ್ಲದೆ ಕೊಳೆತರೆ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಕಾಯಿಸುತ್ತದೆ. ಚಿಕ್ಕಮಗಳೂರಿನ ಕಸ ಹೋಗೋದು ಇಂದಾವರಕ್ಕೆ. ಅಲ್ಲಿನವರಿಗೆ ಇದು ಹವಾಮಾನದ ಪ್ರಶ್ನೆ ಅಲ್ಲ, ವಾಸನೆ ಮತ್ತು ನೊಣದ ಪ್ರಶ್ನೆ. ಹಸಿಕಸ ಮನೆಯಲ್ಲೇ ಬೇರೆಯಾದರೆ ಗೊಬ್ಬರ ಆಗುತ್ತದೆ, ಗೊಬ್ಬರಕ್ಕೆ ಗಿರಾಕಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಸುತ್ತ ತೋಟಗಳೇ ಇವೆ. ಆದರೆ ಗೊಬ್ಬರದಲ್ಲಿ ಗಾಜಿನ ಚೂರು, ಶಾಂಪೂ ಪ್ಯಾಕೆಟ್ ಬಂದರೆ ಯಾವ ಬೆಳೆಗಾರನೂ ಎರಡನೇ ಲೋಡ್ ತಗೊಳ್ಳುವುದಿಲ್ಲ. ಇಡೀ ವ್ಯವಸ್ಥೆ ನಿಂತಿರೋದು ಅಡುಗೆಮನೆಯ ಎರಡು ಬಕೆಟ್ ಮೇಲೆ.

ಸೂರಿನ ಮೇಲಿನ ಸೋಲಾರ್ ಕಥೆ ಬೇರೆ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಹಾಗಿದ್ದರೂ ಇಲ್ಲಿ ಸಾಮಾನ್ಯ ಮನೆಯವರು ಯಾಕೆ ಮುಂದೆ ಬರಬೇಕು? ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲ. ಬಿಲ್ ಇಲ್ಲದವರಿಗೆ ಸೋಲಾರ್‌ನಿಂದ ಉಳಿಯೋದು ಏನೂ ಇಲ್ಲ. ಒಂದು ಸರ್ಕಾರದ ಒಳ್ಳೆಯ ಯೋಜನೆ ಇನ್ನೊಂದು ಸರ್ಕಾರದ ಒಳ್ಳೆಯ ಯೋಜನೆಯನ್ನು ಸದ್ದಿಲ್ಲದೆ ತಡೆಯುತ್ತದೆ. ಊರಿನ ಯೋಜನೆ ಮನೆಗಳ ಬೆನ್ನು ಹತ್ತುವ ಬದಲು ಲಾಡ್ಜ್, ಕಲ್ಯಾಣಮಂಟಪ, ಶಾಲೆ, ಪಂಪ್‌ಹೌಸ್ ಸೂರು ನೋಡಿದರೆ ವಾಸಿ. ಅಲ್ಲಿ ಬಿಲ್ ಜೋರಾಗಿ ಬರುತ್ತದೆ.

ಪ್ರವಾಸಿ ಗಾಡಿಗಳ ವಿಷಯದಲ್ಲಿ ಜಿಲ್ಲಾಡಳಿತ ಆಗಲೇ ಒಂದು ಹೆಜ್ಜೆ ಇಟ್ಟಿದೆ. ಮುಳ್ಳಯ್ಯನಗಿರಿ ಭಾಗಕ್ಕೆ ಹೋಗೋಕೆ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು, ಗಾಡಿಗಳ ಸಂಖ್ಯೆಗೆ ಮಿತಿ ಇದೆ. ಹೋಂಸ್ಟೇಯವರಿಗೆ, ಜೀಪಿನವರಿಗೆ ಇದು ಹೊಟ್ಟೆಪಾಡಿನ ವಿಷಯ, ಹಾಗಾಗಿ ತಕರಾರು ಸಹಜ. ಗಮನಿಸಬೇಕಾದ್ದು ಬೇರೆ: ಮಿತಿ ಹಾಕೋಕೆ ಹವಾಮಾನ ಯೋಜನೆ ಬೇಕಾಗಲಿಲ್ಲ, ಆಡಳಿತದ ಒಂದು ಆದೇಶ ಸಾಕಾಯಿತು. ಆದರೆ ಮಿತಿ ಎಷ್ಟಿರಬೇಕು ಅಂತ ಬೆಟ್ಟದ ಪಂಚಾಯಿತಿಯವರೂ ಜೀಪಿನವರೂ ಒಟ್ಟಿಗೆ ಕೂತು ತೀರ್ಮಾನಿಸುವ ಜಾಗ ಇಲ್ಲ.

ದುಡ್ಡು ಎಲ್ಲಿದೆ

ಕೇರಳದ ವಯನಾಡಿನ ಮೀನಂಗಾಡಿ ಪಂಚಾಯಿತಿಯ ಹೆಸರು ಇಂಥ ಚರ್ಚೆಯಲ್ಲಿ ಬಂದೇ ಬರುತ್ತದೆ. ಕಾಫಿ ಬೆಳೆಯುವ ಜಾಗವೇ ಆದ್ದರಿಂದ ಹೋಲಿಕೆಯೂ ಸಲೀಸು. 2016ರಲ್ಲಿ ಅವರು ಕಾರ್ಬನ್ ತಟಸ್ಥ ಆಗುವ ಕೆಲಸ ಶುರುಮಾಡಿದರು. ಅದರಲ್ಲಿ ಮರದ ಬ್ಯಾಂಕ್ ಅನ್ನೋದು ಪ್ರಸಿದ್ಧವಾಯಿತು. ಮರ ಅಡವಿಟ್ಟರೆ ಮರಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಬಡ್ಡಿಯಿಲ್ಲದ ಸಾಲ ಸಿಗುತ್ತದೆ, ಮರ ಕಡಿದರೆ ಮಾತ್ರ ವಾಪಸ್ ಕಟ್ಟಬೇಕು. ರಾಜ್ಯ ಸರ್ಕಾರ ಇದಕ್ಕೆ 10 ಕೋಟಿ ಮೂಲನಿಧಿ ಕೊಟ್ಟಿತು.

ಇದನ್ನು ಇಲ್ಲಿಗೆ ಹಾಗೇ ತರಬಹುದಾ? ಕಷ್ಟ. ಕೇರಳ 1996ರ ಜನತಾ ಯೋಜನಾ ಆಂದೋಲನದ ಕಾಲದಿಂದ ರಾಜ್ಯದ ಯೋಜನಾ ಹಣದ ದೊಡ್ಡ ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿದೆ. ಅಲ್ಲಿ ಜನ ಸಭೆಗೆ ಬರೋದು ಸಭೆಯಲ್ಲಿ ಹಂಚೋಕೆ ದುಡ್ಡು ಇರುವುದರಿಂದ. ನಮ್ಮ ನಗರಸಭೆಗಳಲ್ಲಿ ಸಂಬಳ, ಕರೆಂಟ್ ಬಿಲ್, ಹಳೇ ಕಂತ್ರಾಟಿನ ಬಾಕಿ ಕಳೆದರೆ ತಮ್ಮಿಷ್ಟದಂತೆ ಖರ್ಚು ಮಾಡೋಕೆ ಉಳಿಯೋದು ಕಡಿಮೆ.

ಆದರೆ ಪೂರಾ ಬರಿಗೈ ಅಂತಲೂ ಅಲ್ಲ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗ ಇಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ 40 ಶೇಕಡಾಕ್ಕೆ ಇಂಥದ್ದಕ್ಕೇ ಬಳಸಬೇಕು ಅನ್ನೋ ಷರತ್ತಿರಲಿಲ್ಲ. 30 ಶೇಕಡಾ ನೀರಿಗೆ, ಅದರಲ್ಲಿ ಮಳೆನೀರು ಕೊಯ್ಲು ಮತ್ತು ಮರುಬಳಕೆ ಅಂತ ಸ್ಪಷ್ಟವಾಗಿಯೇ ಹೇಳಿತ್ತು. ಇನ್ನು 30 ನೈರ್ಮಲ್ಯ ಮತ್ತು ಕಸಕ್ಕೆ. ಇದರ ಜೊತೆ ಪರಿಶಿಷ್ಟರಿಗೆ ಮೀಸಲಿಡುವ 24.10 ಶೇಕಡಾ ಹಣ ಇದೆ. ತಗಡಿನ ಸೂರಿನ ಮನೆಗಳಿರುವ ಕಾಲೊನಿಯಲ್ಲಿ ಸೆಕೆ ಮತ್ತು ಸೋರಿಕೆ ತಡೆಯುವ ಕೆಲಸಕ್ಕೆ ಇದಕ್ಕಿಂತ ಸರಿಯಾದ ಲೆಕ್ಕಶೀರ್ಷಿಕೆ ಬೇಕಾ? ಹವಾಮಾನ ಅನ್ನೋ ಹೆಸರಿನಲ್ಲಿ ಬೇರೆ ದುಡ್ಡು ಬರಲಿ ಅಂತ ಕಾಯುವ ಬದಲು ಇರುವ ಕಾಮಗಾರಿ ಪಟ್ಟಿಯಲ್ಲಿ ಯಾವುದು ಮೊದಲು ಅನ್ನೋದನ್ನು ಬದಲಿಸಬಹುದು. ಕಾಂಕ್ರೀಟ್ ರಸ್ತೆಗಿಂತ ಮೊದಲು ರಾಜಕಾಲುವೆ, ಕೆರೆ ಏರಿ ಮೇಲಿನ ದೀಪಕ್ಕಿಂತ ಮೊದಲು ಕೆರೆಗೆ ನೀರು ಬರುವ ದಾರಿ. ಸಣ್ಣ ಊರಿನ ಯೋಜನೆಯ ಪೂರ್ತಿ ಬಲ ಇರೋದು ಈ ಅನುಕ್ರಮದಲ್ಲೇ.

ಜನ ಅಂದರೆ ಯಾರು

ಈ ಅನುಕ್ರಮ ಯಾರು ಹೇಳುತ್ತಾರೆ ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತಿದೆ. ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ನಿವೃತ್ತರು, ಸಂಘಸಂಸ್ಥೆಯವರು, ಅಂಗಡಿ ಬಿಟ್ಟು ಬರಬಲ್ಲ ವ್ಯಾಪಾರಿಗಳು ಬರುತ್ತಾರೆ. ಅವರು ಕೇಳೋದು ಸಾಮಾನ್ಯವಾಗಿ ಪಾರ್ಕ್, ಸಸಿ, ಕೆರೆ ಸುತ್ತ ನಡೆಯುವ ಹಾದಿ. ಬೇಕಾದ್ದೇ, ಆದರೆ ನಡೆಯುವ ಹಾದಿಗೆ ಏರಿ ಅಗಲ ಮಾಡಿದಷ್ಟೂ ಕೆರೆಯ ನೀರಿನ ಜಾಗ ಕಡಿಮೆಯಾಗುತ್ತದೆ. ತಗ್ಗಿನ ಬೀದಿಯಲ್ಲಿ ಮನೆಗೆ ಚರಂಡಿ ನೀರು ನುಗ್ಗಿಸಿಕೊಂಡವರು, ನಸುಕಿಗೇ ಕೆಲಸಕ್ಕಿಳಿಯುವ ಪೌರಕಾರ್ಮಿಕರು, ದಿನಗೂಲಿಯವರು ಆ ಹೊತ್ತಿಗೆ ಬರಲಾರರು. ತೋಟದ ಲೈನ್ ಮನೆಗಳಲ್ಲಿರುವ ಅಸ್ಸಾಂ ಕಡೆಯ ಕಾರ್ಮಿಕರು ಯಾವ ವಾರ್ಡಿಗೂ ಸೇರಿದವರಲ್ಲ, ಧರೆ ಕುಸಿದರೆ ಮೊದಲು ಸಿಕ್ಕಿಕೊಳ್ಳುವವರು ಅವರೇ. ಸಭೆ ಸಂಜೆಗೆ, ಕಾಲೊನಿಯಲ್ಲೇ ನಡೆದರೆ ಪಟ್ಟಿಯೇ ಬೇರೆಯಾಗಿ ಬರುತ್ತದೆ.

ಜನರ ಹೆಸರಿನಲ್ಲಿ ದಾಖಲೆ ಮಾಡಿದ ಅನುಭವ ನಮಗೆ ಹೊಸದಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿ, ಪ್ರತಿ ನಗರಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರನ್ನು ಕೇಳಿ ಒಂದು ದಾಖಲಾತಿ ಬರೆಯಬೇಕು. ವರ್ಷಗಟ್ಟಲೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಹಾಕಿದಾಗ ದೇಶದಲ್ಲೆಲ್ಲ ಸಾವಿರಾರು ಪುಸ್ತಕಗಳು ಗಡಿಬಿಡಿಯಲ್ಲಿ ತಯಾರಾದವು. ಹವಾಮಾನ ಯೋಜನೆಯನ್ನೂ ಕನ್ಸಲ್ಟೆಂಟ್ ಕೈಗೆ ಕೊಟ್ಟು ಗಡುವು ಹಾಕಿದರೆ ಅದೇ ಆಗುತ್ತದೆ. ಇಲ್ಲಿ ತಜ್ಞರು ಬೇಡ ಅನ್ನೋದು ಮೂರ್ಖತನ. ಇಳಿಜಾರಿನ ಮಣ್ಣು ಎಷ್ಟು ನೀರು ತಡೆಯುತ್ತದೆ ಅಂತ ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನಿಸೋಕಾಗಲ್ಲ. ಆದರೆ ಯಾವ ಮೋರಿ ಪ್ರತಿ ಜೂನ್‌ನಲ್ಲಿ ಕಟ್ಟಿಕೊಳ್ಳುತ್ತದೆ ಅನ್ನೋದು ತಜ್ಞರಿಗಿಂತ ಆ ಬೀದಿಯವರಿಗೆ ಚೆನ್ನಾಗಿ ಗೊತ್ತು.

ಆ ಜೀವವೈವಿಧ್ಯ ಸಮಿತಿಯನ್ನೇ ಎಬ್ಬಿಸಬಹುದು ಅನ್ನೋ ಸಲಹೆ ಅದಕ್ಕೇ ಸರಿಯೆನಿಸುತ್ತದೆ. ಕಾನೂನಿನಲ್ಲಿ ಅದು ಈಗಾಗಲೇ ಇದೆ, ಮೂರನೇ ಒಂದು ಭಾಗ ಮಹಿಳೆಯರು ಇರಬೇಕು ಅನ್ನೋ ನಿಯಮವೂ ಇದೆ, ಮತ್ತು ಪಂಚಾಯಿತಿಯಲ್ಲೂ ನಗರಸಭೆಯಲ್ಲೂ ಒಂದೇ ಹೆಸರಿನ ಸಮಿತಿ ಇರೋದರಿಂದ ಹಿರೇಕೊಳಲೆ ಭಾಗದವರೂ ಊರಿನವರೂ ಒಟ್ಟಿಗೆ ಕೂರೋಕೆ ಹೊಸ ಆದೇಶ ಕಾಯಬೇಕಾಗಿಲ್ಲ.

ಮುಂದೆ ಏನಾಗಬಹುದು

ಮೂರು ದಾರಿ ಕಾಣುತ್ತವೆ. ಯೋಜನೆ ಪುಸ್ತಕವಾಗಿ ಬಿಡುಗಡೆಯಾಗಿ ಕಪಾಟು ಸೇರೋದು ಒಂದು, ಅದಕ್ಕೇ ಸಾಧ್ಯತೆ ಜಾಸ್ತಿ. ಬೆಟ್ಟದ ನಕ್ಷೆ ನೋಡಿ ವಿರೋಧ ಎದ್ದು, ರಾಜಕೀಯ ಸೇರಿ, ನಗರಸಭೆ ತನ್ನ ಗಡಿಯೊಳಗಿನ ಸಸಿ ಮತ್ತು ಎಲ್‌ಇಡಿ ದೀಪಕ್ಕೆ ಇಳಿಯೋದು ಎರಡನೆಯದು. ಮೂರನೆಯದು ನಿಧಾನದ ದಾರಿ. ಡಿಸೆಂಬರ್–ಜನವರಿಯ ಬಜೆಟ್ ಪೂರ್ವಭಾವಿ ಸಭೆಗೆ ನಾಲ್ಕೈದು ಕಾಮಗಾರಿಗಳ ಪಟ್ಟಿ ಹಿಡಿದು ಹೋಗೋದು, ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿಸೋದು, ಮಾಸ್ಟರ್ ಪ್ಲಾನ್ ಪರಿಷ್ಕರಣೆಗೆ ಆಕ್ಷೇಪಣೆ ಕರೆದಾಗ ಇಳಿಜಾರಿನ ಮತ್ತು ರಾಜಕಾಲುವೆಯ ವಿಷಯ ಲಿಖಿತವಾಗಿ ಕೊಡೋದು. ಪಂಚಾಯಿತಿ ಮತ್ತು ನಗರದ ಯೋಜನೆಗಳನ್ನು ಒಟ್ಟುಗೂಡಿಸೋಕೆ ಸಂವಿಧಾನದ 243ಝಡ್‌ಡಿ ವಿಧಿಯಲ್ಲಿ ಜಿಲ್ಲಾ ಯೋಜನಾ ಸಮಿತಿ ಅಂತಲೇ ಇದೆ. ಹಿರೇಕೊಳಲೆಯ ಮೇಲ್ಭಾಗದ ಹಳ್ಳಿಗಳನ್ನೂ ಊರನ್ನೂ ಒಂದೇ ಕಾಗದದಲ್ಲಿ ಬರೆಯೋಕೆ ಅದು ಸಾಕು.

ಯಗಚಿಗೆ ಅದು ಸಾಲದು, ನಡುವೆ ಜಿಲ್ಲೆಯ ಗಡಿ ಬರುತ್ತದೆ. ಆ ಜಲಾಶಯ ಕಟ್ಟಿದ್ದು ಹಾಸನ ಕಡೆಯ ಜಮೀನಿಗೂ ನೀರು ಕೊಡೋಕೆ. ಬರದ ವರ್ಷ ಕುಡಿಯುವ ನೀರಿಗೆ ಮೊದಲ ಹಕ್ಕು ಅಂತ ನಾಲೆ ನಿಲ್ಲಿಸಿದರೆ ಚಿಕ್ಕಮಗಳೂರಿನ ನಲ್ಲಿಯಲ್ಲಿ ನೀರು ಬರುತ್ತದೆ, ಬೇಲೂರಿನ ರೈತನ ಫಸಲು ಒಣಗುತ್ತದೆ. ಹಾಗಾಗಿ ಊರಿನ ಯೋಜನೆಯಲ್ಲಿ ಸೋರಿಕೆ ತಡೆದು ಯಗಚಿಯಿಂದ ವರ್ಷಕ್ಕೆ ಎಷ್ಟು ಕಡಿಮೆ ನೀರು ಎತ್ತುತ್ತೇವೆ ಅನ್ನುವ ಒಂದು ಅಂಕಿ ಇದ್ದರೆ, ಅದನ್ನು ಹಿಡಿದು ನೀರಾವರಿ ಸಲಹಾ ಸಮಿತಿಯ ಮುಂದೆ ಬೇಲೂರಿನವರ ಜೊತೆ ಮಾತಾಡೋಕೆ ಮುಖ ಇರುತ್ತದೆ.